ಮಿಶನ್ ಶಾಲೆಯ ಬಾಗಿಲು

ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬರೆಯುವವರು ಬಾಸೆಲ್ ಮಿಶನ್ನಿನ ಪಾದ್ರಿಗಳ ಹೆಸರನ್ನು ಬಿಡುವುದಿಲ್ಲ. ೧೮೪೩ರಲ್ಲಿ ಹೊರಟ ಮೋಗ್ಲಿಂಗರ ‘ಮಂಗಳೂರ ಸಮಾಚಾರ’, ಜೈಮಿನಿ ಭಾರತವನ್ನೂ ದಾಸರ ಪದಗಳನ್ನೂ ಕಲ್ಲಚ್ಚಿನಲ್ಲಿ ಹೊರತಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆ, ೧೮೯೪ರಲ್ಲಿ ಮುದ್ರಣಗೊಂಡ ಕಿಟ್ಟೆಲರ ನಿಘಂಟು — ಇವನ್ನು ಕನ್ನಡ ಅಧ್ಯಾಪಕರಾದ ನಾವು ಪ್ರತಿವರ್ಷವೂ ತರಗತಿಯಲ್ಲಿ ಹೇಳುತ್ತೇವೆ. ವಿದ್ಯಾರ್ಥಿಗಳು ಪ್ರತಿವರ್ಷವೂ ಬರೆದುಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಆ ಕುರಿತು ಒಂದು ಪ್ರಶ್ನೆಯೂ ಬರುತ್ತದೆ. ಅಲ್ಲಿಗೆ ಆ ಅಧ್ಯಾಯ ಮುಗಿಯಿತೆಂದು ಎಲ್ಲರೂ ಭಾವಿಸುತ್ತೇವೆ.

ಆದರೆ ಆ ಮಿಶನ್ನಿನ ನಿತ್ಯದ ಕೆಲಸ ನಡೆದುದು ಗ್ರಂಥಭಂಡಾರದಲ್ಲಿ ಅಲ್ಲ. ಮೊದಲು ಮುಳಿಹುಲ್ಲಿನ ಮಾಡಿನ, ಅನಂತರ ಕೆಂಪು ಹಂಚಿನ ಮಾಡಿನ, ಒಂದೋ ಎರಡೋ ಕೋಣೆಗಳ ಚಿಕ್ಕ ಪಾಠಶಾಲೆಗಳಲ್ಲಿ ಅದು ನಡೆಯಿತು. ನಿಘಂಟು ಬರೆದವರ ಹೆಸರು ಉಳಿಯಿತು. ‘ಅ’ ಎಂಬ ಅಕ್ಷರವನ್ನು ಹುಡುಗನ ಕೈಹಿಡಿದು ತಿದ್ದಿಸಿದ ಉಪಾಧ್ಯಾಯನ ಹೆಸರು ಉಳಿಯಲಿಲ್ಲ. ಲೋಕದ ರೀತಿಯೇ ಹಾಗೆ. ಆದರೂ ಆ ಸಣ್ಣ ಶಾಲೆಗಳಲ್ಲಿ ಏನು ನಡೆಯಿತು, ಅವುಗಳಿಂದ ನಮಗೆ ದೊರೆತುದೇನು, ಇಂದು ಅವು ಒಂದೊಂದಾಗಿ ಬಾಗಿಲು ಮುಚ್ಚುತ್ತಿರುವಾಗ ನಾವು ಕಳೆದುಕೊಳ್ಳುತ್ತಿರುವುದೇನು ಎಂಬುದನ್ನು ಸ್ವಲ್ಪ ಸಾವಧಾನವಾಗಿ ವಿಚಾರಿಸುವುದು ಅವಶ್ಯವೆಂದು ನನಗೆ ತೋರುತ್ತದೆ.

ಐಗಳ ಮರಳು

ಮಿಶನ್ನಿನವರು ಬರುವುದಕ್ಕೆ ಮೊದಲು ಈ ನಾಡಿನಲ್ಲಿ ಶಾಲೆಗಳೇ ಇರಲಿಲ್ಲವೆಂದು ತಿಳಿಯುವುದು ಸರಿಯಲ್ಲ. ಕರಾವಳಿಯಲ್ಲಿ ಐಗಳ ಮಠ, ಮೈಸೂರು ಸೀಮೆಯಲ್ಲಿ ಕೂಲಿಮಠ, ಮುಂಬಯಿ ಕರ್ನಾಟಕದಲ್ಲಿ ಗಾಂವಠಿ ಶಾಲೆ — ಹೆಸರು ಬೇರೆಯಾದರೂ ಬಗೆ ಒಂದೇ. ಯಾರದೋ ಮನೆಯ ಜಗಲಿಯ ಮೇಲೋ ದೇವಸ್ಥಾನದ ಚಾವಡಿಯಲ್ಲೋ ಐಗಳು ಕುಳಿತುಕೊಳ್ಳುವರು. ಮಕ್ಕಳು ಎದುರಿಗೆ ಹರಡಿದ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವರು. ‘ಓನಾಮ’ದಿಂದ ಮೊದಲಾಗಿ ಕಾಗುಣಿತ, ಒತ್ತಕ್ಷರ, ಮಗ್ಗಿ, ಬಾಯಿಲೆಕ್ಕ, ಕೈ ಪಳಗಿದ ಮೇಲೆ ಓಲೆಗರಿಯ ಮೇಲೆ ಕಂಟದಿಂದ ಬರವಣಿಗೆ, ಬುದ್ಧಿವಂತನಾದರೆ ಅಮರಕೋಶ, ಜೈಮಿನಿ ಭಾರತದ ಕೆಲವು ಸಂಧಿಗಳು. ಶಾನುಭೋಗಿಕೆಗೂ ಅಂಗಡಿಯ ಲೆಕ್ಕಕ್ಕೂ ಬೇಕಾದಷ್ಟು ವಿದ್ಯೆ ಅಲ್ಲಿ ದೊರೆಯುತ್ತಿತ್ತು. ಅದನ್ನು ಹಗುರಾಗಿ ಕಾಣುವ ಕಾರಣವಿಲ್ಲ.

ಈ ಮರಳಿನ ವಿಷಯದಲ್ಲಿ ಒಂದು ಸ್ವಾರಸ್ಯವಾದ ಸಂಗತಿಯಿದೆ. ಆಂಡ್ರೂ ಬೆಲ್ ಎಂಬ ಸ್ಕಾಟ್ಲಂಡಿನ ಪಾದ್ರಿ ೧೭೮೯ರಲ್ಲಿ ಮದ್ರಾಸಿನ ಎಗ್ಮೋರಿನಲ್ಲಿದ್ದ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಕನಾದನು. ಅಲ್ಲಿನ ಒಂದು ದೇಶೀ ಶಾಲೆಯಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡು ಅದೇ ಕ್ರಮವನ್ನು ತನ್ನ ಶಾಲೆಯಲ್ಲಿಯೂ ತಂದನು. ಕಲಿತ ಹುಡುಗರಿಂದ ಕಲಿಯದವರಿಗೆ ಪಾಠ ಹೇಳಿಸುವ ಏರ್ಪಾಟನ್ನು ಅದರೊಡನೆ ಸೇರಿಸಿದನು. ೧೭೯೭ರಲ್ಲಿ ಅವನು ಲಂಡನ್ನಿನಲ್ಲಿ ಪ್ರಕಟಿಸಿದ ವರದಿಯಿಂದ ಈ ಕ್ರಮ ‘ಮದ್ರಾಸ್ ಪದ್ಧತಿ’ ಎಂಬ ಹೆಸರಿನಿಂದ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲೆಲ್ಲ ಹಬ್ಬಿತು. ಮುಂದೆ ಅದೇ ಪದ್ಧತಿ ಯೂರೋಪಿನ ಹೊಸ ಶಿಕ್ಷಣಕ್ರಮವೆಂಬ ಮನ್ನಣೆಯೊಡನೆ ನಮ್ಮಲ್ಲಿಗೆ ಹಿಂದಿರುಗಿತು. ನಮ್ಮ ಮನೆಯ ಪಾತ್ರೆಯೇ ಕಲಾಯಿ ಹಾಕಿಸಿಕೊಂಡು ನಮ್ಮ ಮನೆಗೆ ಉಡುಗೊರೆಯಾಗಿ ಬಂದಂತೆ! ಆದುದರಿಂದ ಪಾಠ ಹೇಳುವ ಬಗೆಯಲ್ಲಿ ಮಿಶನ್ ಶಾಲೆ ನಮಗೆ ಕೊಟ್ಟುದು ಹೆಚ್ಚೇನೂ ಅಲ್ಲವೆಂದು ವಾದಿಸಬಹುದು.

ಐಗಳ ಮಠದ ಕೊರತೆ ಇದ್ದುದು ಪಾಠದ ಕ್ರಮದಲ್ಲಿ ಅಲ್ಲ. ಪಾಠ ಕೇಳುವವರು ಯಾರು ಎಂಬುದರಲ್ಲಿ. ಅದು ಕೆಲವು ಮನೆತನಗಳ ಗಂಡುಮಕ್ಕಳಿಗಾಗಿ ಇದ್ದ ವ್ಯವಸ್ಥೆ. ಹೆಣ್ಣುಮಕ್ಕಳು ಅಲ್ಲಿ ವಿರಳ. ಹೊಲೆಯರ ಕೇರಿಯ ಮಗು ಆ ಜಗಲಿಯ ಅಂಚಿಗೂ ಬರುವಂತಿರಲಿಲ್ಲ. ಆ ಮಗುವಿಗೆ ಅಕ್ಷರದ ಅವಶ್ಯಕತೆಯಿದೆಯೆಂದು ಆಗಿನ ಊರು ಭಾವಿಸಿಯೇ ಇರಲಿಲ್ಲ.

ಮನೆಯ ತುಳು, ಶಾಲೆಯ ಕನ್ನಡ

ಬಾಸೆಲ್ ಮಿಶನ್ ಸ್ಥಾಪನೆಯಾದುದು ೧೮೧೫ರಲ್ಲಿ, ಸ್ವಿಟ್ಜರ್ಲಂಡಿನ ಬಾಸೆಲ್ ನಗರದಲ್ಲಿ. ೧೮೩೩ರ ಚಾರ್ಟರ್ ಕಾಯಿದೆಯಿಂದ ಬ್ರಿಟಿಷರಲ್ಲದ ಮಿಶನರಿಗಳಿಗೂ ಈ ದೇಶದಲ್ಲಿ ನೆಲೆಸಲು ಅವಕಾಶವಾಯಿತು. ಮರುವರ್ಷವೇ, ಎಂದರೆ ೧೮೩೪ರಲ್ಲಿ, ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿನ ದಕ್ಕೆಯಲ್ಲಿ ಬಂದಿಳಿದರು. ಕೆಲವೇ ವರ್ಷಗಳಲ್ಲಿ ಅವರ ಶಾಲೆಗಳು ಆರಂಭವಾದವು. ಬಾಸೆಲಿನಿಂದ ಬಂದರೂ ಅವರಲ್ಲಿ ಬಹುಮಂದಿ ಜರ್ಮನರಾದುದರಿಂದ ಜನ ಇವರನ್ನು ‘ಜರ್ಮನ್ ಪಾದ್ರಿ’ಗಳೆಂದೇ ಕರೆದರು.

ಇಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ಮಂಗಳೂರು ಸುತ್ತಿನ ಬಹುಜನರ ಮನೆಮಾತು ತುಳು, ಕೆಲವರದು ಕೊಂಕಣಿ. ಕನ್ನಡ ಕಚೇರಿಯ ಭಾಷೆ, ಕಾವ್ಯದ ಭಾಷೆ, ಯಕ್ಷಗಾನದ ಭಾಷೆ. ಮನೆಯಲ್ಲಿ ಅಪ್ಪೆ, ಅಮ್ಮೆರ್ ಎನ್ನುವ ಮಗುವಿಗೆ ಶಾಲೆಯಲ್ಲಿ ತಾಯಿ, ತಂದೆ ಎಂದು ಓದಿಸುವುದು ಹೇಗೆ? ಪಾದ್ರಿಗಳಿಗೆ ಈ ತೊಡಕು ಬೇಗನೆ ತಿಳಿಯಿತು. ಗ್ರೈನರ್ ತುಳುವನ್ನು ಕಲಿತನು. ಅವನು ಅನುವಾದಿಸಿದ ಮತ್ತಾಯನ ಸುವಾರ್ತೆ ೧೮೪೨ರಲ್ಲಿ, ಇಡೀ ಹೊಸ ಒಡಂಬಡಿಕೆ ೧೮೪೭ರಲ್ಲಿ ಮಂಗಳೂರಿನಲ್ಲಿ ಅಚ್ಚಾದವು. ಅಚ್ಚಾದುದು ತುಳು ಭಾಷೆಯಲ್ಲಿ. ಲಿಪಿ ಮಾತ್ರ ಕನ್ನಡದ್ದು. ಮುಂದೆ ೧೮೭೨ರಲ್ಲಿ ಬ್ರಿಗೆಲನ ತುಳು ವ್ಯಾಕರಣ, ೧೮೮೬ರಲ್ಲಿ ಮೆನ್ನರನ ತುಳು ನಿಘಂಟು ಬಂದುವು.

ಇದರ ಪರಿಣಾಮವನ್ನು ಪ್ರಾಥಮಿಕ ಶಿಕ್ಷಣದ ದೃಷ್ಟಿಯಿಂದ ನೋಡಿದರೆ ಅದರ ಮಹತ್ತ್ವ ತಿಳಿಯುತ್ತದೆ. ಕನ್ನಡದ ಐವತ್ತು ಅಕ್ಷರಗಳನ್ನು ಕಲಿತ ತುಳು ಮಗು ಒಂದೇ ಕಲಿಕೆಯಿಂದ ಎರಡು ಭಾಷೆಗಳ ಓದಿಗೆ ಅರ್ಹವಾಯಿತು. ಶಾಲೆಯಲ್ಲಿ ಕಲಿತ ಅಕ್ಷರ ಮನೆಯ ಮಾತನ್ನು ಅಪಹಾಸ್ಯ ಮಾಡಲಿಲ್ಲ. ಮನೆಯ ಮಾತು ಶಾಲೆಯ ಅಕ್ಷರವನ್ನು ಪರಕೀಯವೆಂದು ದೂರ ಮಾಡಲಿಲ್ಲ. ಅಜ್ಜಿ ತುಳುವಿನಲ್ಲಿ ಹೇಳಿದ ಮಾತನ್ನು ಮೊಮ್ಮಗ ಕನ್ನಡ ಲಿಪಿಯಲ್ಲಿ ಬರೆಯಬಲ್ಲವನಾದನು. ಮನೆಗೂ ಶಾಲೆಗೂ ನಡುವೆ ಹಾಕಿದ ಈ ಸಂಕ ಅಡಕೆಮರದ ಸಂಕದಷ್ಟೇ ಕಿರಿದಾಗಿದ್ದಿರಬಹುದು; ಆದರೆ ಮಗು ದಾಟುವುದಕ್ಕೆ ಅಷ್ಟು ಸಾಕು.

ಪಾದ್ರಿಗಳ ಉದ್ದೇಶವೇನು ಎಂಬುದರಲ್ಲಿ ಗುಟ್ಟೇನೂ ಇಲ್ಲ. ಅವರು ಬಂದುದು ತಮ್ಮ ಮತವನ್ನು ಸಾರುವುದಕ್ಕೆ. ಶಾಲೆ ಅದಕ್ಕೊಂದು ಸಾಧನ. ಇದನ್ನು ಅವರು ಮುಚ್ಚಿಡಲಿಲ್ಲ. ಊರವರಿಗೂ ಅದು ತಿಳಿಯದೆ ಇರಲಿಲ್ಲ. ೧೮೪೪ರಲ್ಲಿ ಮಂಗಳೂರಿನ ಮಿಶನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಆನಂದರಾಯ ಕೌಂಡಿನ್ಯ ಮತ್ತು ಅವನ ಇಬ್ಬರು ಸಂಗಡಿಗರು ಕ್ರೈಸ್ತಮತವನ್ನು ಸ್ವೀಕರಿಸಿದಾಗ ಊರಿಗೆ ಊರೇ ಅಲ್ಲೋಲಕಲ್ಲೋಲವಾಯಿತು. ಹೆತ್ತವರ ಭಯ ಅಕಾರಣವಾದುದಲ್ಲ. ಬೆಳೆದ ಮಗ ಒಂದು ಬೆಳಗ್ಗೆ ಮನೆಯ ಪಂಕ್ತಿಯಿಂದ ಎದ್ದು ಹೋಗುವುದೆಂದರೆ ಆ ಕಾಲದ ತಾಯಿಗೆ ಅದು ಮಗನನ್ನು ಕಳೆದುಕೊಂಡಷ್ಟೇ ದುಃಖ. ಮಿಶನ್ ಶಾಲೆಗಳ ಚರಿತ್ರೆಯನ್ನು ಹೇಳುವಾಗ ಈ ದುಃಖವನ್ನು ಬಿಟ್ಟು ಹೇಳಿದರೆ ಅದು ಅರ್ಧ ಸತ್ಯವಾದೀತು.

ಧಾರವಾಡದ ಅರ್ಜಿ

ಉಳಿದರ್ಧವನ್ನು ಕಾಣಬೇಕಾದರೆ ನಾವು ಘಟ್ಟ ಹತ್ತಿ ಧಾರವಾಡಕ್ಕೆ ಹೋಗಬೇಕು. ಬಾಸೆಲ್ ಮಿಶನ್ ೧೮೩೭ರಲ್ಲಿ ಅಲ್ಲಿ ನೆಲೆಯೂರಿತ್ತು. ೧೮೩೯ರಲ್ಲಿ ಹುಬ್ಬಳ್ಳಿಯಲ್ಲಿ, ೧೮೪೧ರಲ್ಲಿ ಗದಗಿನ ಬಳಿಯ ಬೆಟಗೇರಿಯಲ್ಲಿ ಕೆಲಸ ಆರಂಭಿಸಿತ್ತು. ಧಾರವಾಡ ಆಗ ಮುಂಬಯಿ ಇಲಾಖೆಯ ಜಿಲ್ಲಾಸ್ಥಳ; ಅಲ್ಲಿ ಸರಕಾರದ್ದೇ ಒಂದು ಶಾಲೆಯೂ ಇತ್ತು.

೧೮೫೬ರ ಜೂನ್ ತಿಂಗಳಲ್ಲಿ ಮಹಾರ ಜಾತಿಯ ಬಾಲಕನೊಬ್ಬನಿಗೆ ಆ ಸರಕಾರಿ ಶಾಲೆಯಲ್ಲಿ ಪ್ರವೇಶ ಸಿಕ್ಕಲಿಲ್ಲವೆಂಬ ಅರ್ಜಿ ಮುಂಬಯಿ ಸರಕಾರದ ಮುಂದೆ ಬಂತು. ಶುಲ್ಕ ಕೊಡಲಾರದವನೆಂದೋ ಬುದ್ಧಿ ಸಾಲದೆಂದೋ ಅವನನ್ನು ಹಿಂದೆ ಕಳುಹಿಸಿದುದಲ್ಲ, ಜಾತಿಯ ಕಾರಣದಿಂದ. ಸರಕಾರದ ಉತ್ತರವನ್ನು ಓದಿದರೆ ಇಂದಿಗೂ ಮನಸ್ಸು ಕುಗ್ಗುತ್ತದೆ. ತತ್ತ್ವದಲ್ಲಿ ನ್ಯಾಯ ಬಾಲಕನ ಕಡೆಗೇ ಇದೆಯೆಂದು ಅಧಿಕಾರಿಗಳು ಒಪ್ಪಿದರು. ಆದರೆ ಒಬ್ಬನೇ ಒಬ್ಬನ ಸಲುವಾಗಿ ಒತ್ತಾಯ ಮಾಡಿದರೆ ಉಳಿದವರೆಲ್ಲ ಬಿಟ್ಟುಹೋಗಿ ಶಾಲೆಯೇ ಮುಚ್ಚಿಹೋದೀತೆಂದು ಹೇಳಿ ಕೈಕಟ್ಟಿ ಕುಳಿತರು. ಮರುವರ್ಷ ಕಲ್ಕತ್ತೆಯ ಕೇಂದ್ರ ಸರಕಾರ, ಬಂಗಾಳದ ಶಾಲೆಯಲ್ಲಾಗಿದ್ದರೆ ಈ ಬಾಲಕನನ್ನು ಹೊರಗಿಡುತ್ತಿರಲಿಲ್ಲವೆಂಬ ಅಭಿಪ್ರಾಯವನ್ನು ಕೊಟ್ಟಿತು. ಕಡೆಗೆ ಲಂಡನ್ನಿನಲ್ಲಿದ್ದ ಕಂಪೆನಿಯ ನಿರ್ದೇಶಕರ ಮಂಡಲಿ, ಸರಕಾರದ ವಿದ್ಯಾಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರತಕ್ಕವು ಎಂದು ತೀರ್ಮಾನ ಕೊಟ್ಟಿತು. ಧಾರವಾಡದ ಒಬ್ಬ ಹುಡುಗನ ಅರ್ಜಿ ಸಮುದ್ರ ದಾಟಿ ಲಂಡನ್ನಿನವರೆಗೆ ಹೋಗಿ ಗೆದ್ದು ಬಂತು. ಆದರೆ ಆ ಗೆಲವು ಕಾಗದದ್ದು. ೧೮೮೨ರ ಹಂಟರ್ ಆಯೋಗ ಇದೇ ತತ್ತ್ವವನ್ನು ಮತ್ತೊಮ್ಮೆ ಹೇಳಬೇಕಾಯಿತು ಎಂಬುದರಿಂದಲೇ ಅದು ಎಷ್ಟರ ಮಟ್ಟಿಗೆ ಆಚರಣೆಗೆ ಬಂದಿತ್ತೆಂಬುದು ತಿಳಿಯುತ್ತದೆ. ಅನೇಕ ಕಡೆಗಳಲ್ಲಿ ಅಂಥ ಮಕ್ಕಳು ಶಾಲೆಯ ಹೊರಗೆ ಜಗಲಿಯ ಮೇಲೆ ಕುಳಿತು, ಕಿಟಕಿಯಿಂದ ಹೊರಬಿದ್ದ ಪಾಠವನ್ನು ಆಯ್ದುಕೊಳ್ಳಬೇಕಾಗಿತ್ತು. ಡಾಕ್ಟರ್ ಅಂಬೇಡ್ಕರರು ಧಾರವಾಡದ ಈ ಪ್ರಸಂಗವನ್ನು ತಮ್ಮ ಬರಹಗಳಲ್ಲಿ ಎತ್ತಿ ತೋರಿಸಿರುವುದು ಸುಮ್ಮನೆ ಅಲ್ಲ.

ಈ ಹಿನ್ನೆಲೆಯಲ್ಲಿ ಸಣ್ಣ ಮಿಶನ್ ಶಾಲೆಯನ್ನು ನೋಡಬೇಕು. ಮಿಶನ್ನಿನಲ್ಲಿ ಎರಡು ಬಗೆಯ ಶಾಲೆಗಳಿದ್ದವು: ಅನ್ಯಮತೀಯರ ಮಕ್ಕಳಿಗಾಗಿ ತೆರೆದವು ಕೆಲವು, ಕ್ರೈಸ್ತ ಸಭೆಯ ಮಕ್ಕಳಿಗಾಗಿ, ದೇವಾಲಯದ ಪಕ್ಕದಲ್ಲಿಯೇ ನಡೆಸಿದವು ಕೆಲವು. ಈ ಎರಡನೆಯ ಬಗೆಯ ಸಭಾಶಾಲೆಯಲ್ಲಿ ಬಿಲ್ಲವರ ಮನೆಯಿಂದ ಬಂದವರ ಮಗನೂ ಹೊಲೆಯರ ಮನೆಯಿಂದ ಬಂದವರ ಮಗಳೂ ಒಂದೇ ಚಾಪೆಯ ಮೇಲೆ ಕುಳಿತುಕೊಳ್ಳಬೇಕಾಗಿತ್ತು. ಬೇರೆ ಚಾಪೆಯನ್ನು ಹಾಸುವುದಕ್ಕೆ ಅಲ್ಲಿ ಸ್ಥಳವೂ ಇರಲಿಲ್ಲ, ಪಾದ್ರಿಯ ಒಪ್ಪಿಗೆಯೂ ಇರಲಿಲ್ಲ. ಮೊದಲ ಬಗೆಯ ಶಾಲೆಗಳಲ್ಲಿ ಕೆಳಜಾತಿಯ ಮಗುವೊಂದು ಒಳಗೆ ಬಂದರೆ ಮೇಲುಜಾತಿಯ ಮಕ್ಕಳು ಹೊರಗೆ ಹೋಗುವ ಪ್ರಸಂಗಗಳು ನಡೆಯುತ್ತಲೇ ಇದ್ದವು. ಶಾಲೆ ಮುಚ್ಚಿಹೋದೀತೆಂದು ಮುಂಬಯಿ ಸರಕಾರ ಹೆದರಿದುದು ಯಾವುದಕ್ಕೋ ಅದೇ ಅಪಾಯ ಇವರ ಎದುರಿಗೂ ಇತ್ತು. ಭೇದವಿಷ್ಟೆ: ಸರಕಾರ ಬಾಗಿಲನ್ನು ಮುಚ್ಚಿ ಶಾಲೆಯನ್ನು ಉಳಿಸಿಕೊಂಡಿತು, ಇವರು ಶಾಲೆ ಬರಿದಾದರೂ ಬಾಗಿಲನ್ನು ತೆರೆದಿಟ್ಟರು.

ಮತಾಂತರದ ಆಸೆಯಿಂದ ತೆರೆದ ಬಾಗಿಲು ಅದು ಎಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪ ನಿರಾಧಾರವಲ್ಲವೆಂಬುದನ್ನು ಮೇಲೆಯೇ ಹೇಳಿದ್ದೇನೆ. ಆದರೆ ಜಗಲಿಯ ಮೇಲಿನ ಆ ಮಗುವಿನ ಎದುರಿಗೆ ಬೇರೆ ಯಾವ ಬಾಗಿಲು ತೆರೆದಿತ್ತು? ಈ ಪ್ರಶ್ನೆಗೆ ವಾದದಿಂದಲ್ಲ, ಕೃತಿಯಿಂದ ಉತ್ತರ ಕೊಟ್ಟವರು ಕುದ್ಮುಲ್ ರಂಗರಾಯರು. ೧೮೯೭ರಲ್ಲಿ ಅವರು ಮಂಗಳೂರಿನಲ್ಲಿ ದಲಿತವರ್ಗಗಳ ಮಿಶನ್ನನ್ನು ಸ್ಥಾಪಿಸಿ, ಆ ಮಕ್ಕಳಿಗಾಗಿ ಶಾಲೆಗಳನ್ನು ನಡೆಸಿ, ತಮ್ಮ ಜಾತಿಯವರ ಬಹಿಷ್ಕಾರವನ್ನು ತಲೆಬಾಗದೆ ಸಹಿಸಿದರು. ಸಂಸ್ಥೆಗೆ ಅವರು ಆರಿಸಿದ ಹೆಸರಿನಲ್ಲಿಯೂ ‘ಮಿಶನ್’ ಎಂಬ ಶಬ್ದವಿದ್ದುದನ್ನು ನೋಡಿ. ನೆರೆಮನೆಯಲ್ಲಿ ದೀಪ ಹಚ್ಚಿದುದನ್ನು ಕಂಡು ತಮ್ಮ ಮನೆಯಲ್ಲಿಯೂ ಹಚ್ಚಿದವರು ಅವರು.

ಪಾಠದ ಕೋಣೆ

ಆ ಕೋಣೆಯೊಳಗೆ ಕಲಿಸುತ್ತಿದ್ದುದೇನು? ಓದು, ಬರಹ, ಲೆಕ್ಕ, ಗೋಡೆಗೆ ತೂಗಿದ ನಕಾಶೆಯಿಂದ ಭೂಗೋಲ, ಹೆಣ್ಣುಮಕ್ಕಳಿಗೆ ಹೊಲಿಗೆ, ಪ್ರತಿದಿನವೂ ಬೈಬಲಿನ ಒಂದು ಕಥೆ, ಮತ್ತು ಸಂಗೀತ. ಸಂಗೀತದ ಪಾಠದಲ್ಲಿ ಜರ್ಮನ್ ರಾಗಗಳಿಗೆ ಹೊಂದಿಸಿದ ಕನ್ನಡ ಕೀರ್ತನೆಗಳೇ ಮೊದಲು ಹೆಚ್ಚಾಗಿದ್ದವು. ಕನ್ನಡದ ಮಾತ್ರೆಗಳನ್ನು ಹೊರನಾಡಿನ ತಾಳಕ್ಕೆ ಕಟ್ಟಿಹಾಕಿದರೆ ಕೇಳುವವರ ಕಿವಿಗೆ ಒಗ್ಗುವುದಿಲ್ಲವೆಂಬುದನ್ನು ಚೆನ್ನಾಗಿ ತಿಳಿದವರು ಕಿಟ್ಟೆಲರು. ೧೮೬೨ರಲ್ಲಿ ಅವರು ಹೊರತಂದ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿಯೇ ಹಾಡುವಂತೆ ರಚಿಸಿದರು. ಮುಂದೆ ಅವರು ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದುದಕ್ಕೂ ಈ ಅನುಭವಕ್ಕೂ ಸಂಬಂಧವಿರಬೇಕೆಂಬುದು ನನ್ನ ಊಹೆ. ಮಕ್ಕಳಿಗೆ ಹಾಡಲು ಪದ್ಯ ಬೇಕಾದವನು ಛಂದಸ್ಸಿನ ಬಾಗಿಲನ್ನು ತಟ್ಟಲೇಬೇಕು.

೧೮೪೧ರಲ್ಲಿ ಮಂಗಳೂರಿನಲ್ಲಿ ಮಿಶನ್ನಿನ ಕಲ್ಲಚ್ಚಿನ ಮುದ್ರಣಾಲಯ ಆರಂಭವಾಯಿತು. ಓಲೆಗರಿ ಒಬ್ಬನಿಗೆ ಒಂದೇ. ಅಚ್ಚಿನ ಪುಸ್ತಕವಾದರೋ ನೂರು ಮಕ್ಕಳ ಕೈಗೆ ನೂರು. ಎಲ್ಲರ ಎದುರಿಗೂ ಒಂದೇ ಪುಟ ತೆರೆದಿರುವುದು ಎಂಬ ಸಾಮಾನ್ಯ ಸಂಗತಿಯೇ ಒಂದು ಕ್ರಾಂತಿಯೆಂಬುದು ಇಂದಿನ ನಮಗೆ ಹೊಳೆಯುವುದಿಲ್ಲ. ಮುಂದೆ ಪಂಜೆ ಮಂಗೇಶರಾಯರು ಮಕ್ಕಳಿಗಾಗಿ ಸಂಕಲಿಸಿದ ಪದ್ಯಪುಸ್ತಕಗಳು ಅಚ್ಚಾದುದೂ ಈ ಮುದ್ರಣಾಲಯದಲ್ಲಿಯೇ. ಪಂಜೆಯವರು ಉಪಾಧ್ಯಾಯರಾಗಿಯೂ ಶಾಲಾ ತನಿಖಾಧಿಕಾರಿಯಾಗಿಯೂ ಕೆಲಸ ಮಾಡಿದವರು; ಮಗುವಿನ ನಾಲಗೆಗೆ ಯಾವ ಶಬ್ದ ಹತ್ತುತ್ತದೆ, ಯಾವುದು ಹತ್ತುವುದಿಲ್ಲವೆಂಬುದನ್ನು ತರಗತಿಯಲ್ಲಿಯೇ ಕಂಡುಕೊಂಡವರು. ಹೊಸಗನ್ನಡ ಕಾವ್ಯದ ಆರಂಭವನ್ನು ನಾವು ಭಾವಗೀತೆಯಲ್ಲಿ ಹುಡುಕುತ್ತೇವೆ; ಶಿಶುಗೀತೆಯಲ್ಲಿ ಹುಡುಕಿದರೆ ಇನ್ನೂ ಕೆಲವು ವರ್ಷ ಹಿಂದಕ್ಕೆ ಹೋಗಬಹುದು.

೧೮೫೪ರ ವುಡ್ ಶಾಸನದ ತರುವಾಯ ಖಾಸಗಿ ಶಾಲೆಗಳಿಗೆ ಸರಕಾರದ ಸಹಾಯಧನ ದೊರೆಯತೊಡಗಿತು. ಹಣದ ಹಿಂದೆಯೇ ತನಿಖೆಯೂ ಬಂತು. ಮದ್ರಾಸ್ ಇಲಾಖೆಯಲ್ಲಿ ಪರೀಕ್ಷೆಯ ಫಲಕ್ಕೆ ತಕ್ಕಂತೆ ಹಣ ಕೊಡುವ ಪದ್ಧತಿ ೧೯ನೆಯ ಶತಮಾನದ ಉತ್ತರಾರ್ಧದಲ್ಲಿ ರೂಢಿಯಾಯಿತು: ಇನ್‌ಸ್ಪೆಕ್ಟರು ಬಂದು ಒಂದೊಂದು ಮಗುವನ್ನೂ ಪರೀಕ್ಷಿಸುವರು, ಎಷ್ಟು ಮಕ್ಕಳು ಎಷ್ಟರಲ್ಲಿ ತೇರ್ಗಡೆಯಾದರೋ ಅಷ್ಟು ಹಣ. ಚುರುಕಾದ ಹುಡುಗ ಶಾಲೆಗೆ ಆದಾಯ, ಮಂದನಾದವನು ನಷ್ಟ. ಬಡಮಕ್ಕಳನ್ನು ಸೇರಿಸಿಕೊಂಡ ಶಾಲೆಗೆ ಇದು ದುಬಾರಿಯಾಗಿ ಪರಿಣಮಿಸಿರಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೆಟ್ಟಿ ಹಾಕುವ ಕಾಲದಲ್ಲಿ ಗದ್ದೆಗೆ ಹೋಗುವ, ತಂಗಿಯನ್ನು ಸೊಂಟದ ಮೇಲೆ ಹೊತ್ತು ಬರುವ ಮಗು ಇನ್‌ಸ್ಪೆಕ್ಟರ ಎದುರಿಗೆ ತಡವರಿಸುವುದು ಸಹಜ. ಈ ಪದ್ಧತಿ ೨೦ನೆಯ ಶತಮಾನದ ಆರಂಭದಲ್ಲಿ ಕೊನೆಗೊಂಡಿತು. ಮಗುವಿಗೆ ಬೆಲೆ ಕಟ್ಟುವ ಮನೋಭಾವ ಕೊನೆಗೊಂಡಿತೆಂದು ಹೇಳಲಾರೆ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಶಾಲೆಗಳು ಮಾಡಿದ ಕೆಲಸವೂ ಸಣ್ಣದಲ್ಲ. ೧೮೪೦ರ ದಶಕದಲ್ಲಿಯೇ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹುಡುಗಿಯರಿಗೆ ಪಾಠ ಆರಂಭಿಸಿದರು. ೧೮೭೦ರಲ್ಲಿ ಕೆಥೊಲಿಕರ ಅಪೊಸ್ತೊಲಿಕ್ ಕಾರ್ಮೆಲ್ ಸಭೆಯ ಸಿಸ್ಟರುಗಳು ಅಲ್ಲಿಗೆ ಬಂದು ಸ್ತ್ರೀಶಿಕ್ಷಣವನ್ನೇ ತಮ್ಮ ಜೀವನದ ಕಾಯಕವಾಗಿ ಕೈಗೊಂಡರು. ಹೀಗೆ ಕಲಿತ ಹುಡುಗಿಯರಲ್ಲಿ ಕೆಲವರು ತಾವೇ ಉಪಾಧ್ಯಾಯಿನಿಯರಾದರು. ಹೆಂಗಸರು ಸಂಬಳದ ಕೆಲಸಕ್ಕಾಗಿ ಕೊಡೆ ಹಿಡಿದು ಬೀದಿಯಲ್ಲಿ ನಡೆದುಹೋಗುವ ದೃಶ್ಯಕ್ಕೆ ನಮ್ಮ ಊರುಗಳ ಕಣ್ಣನ್ನು ಒಗ್ಗಿಸಿದವರು ಈ ಟೀಚರುಗಳು.

ಇಂಥ ಪರಿಸರದಿಂದ ಬಂದವರಲ್ಲಿ ಒಬ್ಬರನ್ನಾದರೂ ಹೆಸರಿಸಬೇಕು. ೧೮೮೧ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಶನ್ನಿನ ನೆರಳಿನಲ್ಲಿಯೇ ಬೆಳೆದು ಪಾದ್ರಿಯಾದ ಉತ್ತಂಗಿ ಚನ್ನಪ್ಪನವರು ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕೂಡಿಸಿ ೧೯೨೪ರಲ್ಲಿ ಪ್ರಕಟಿಸಿದರು. ೧೯೪೯ರಲ್ಲಿ ಕಲಬುರ್ಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಲನಕ್ಕೆ ಅವರೇ ಅಧ್ಯಕ್ಷರು. ಮಿಶನ್ ಶಾಲೆ ಮಕ್ಕಳನ್ನು ನಾಡಿನಿಂದ ದೂರಮಾಡುತ್ತದೆ ಎಂಬ ಮಾತಿಗೆ ಉತ್ತಂಗಿಯವರ ಬಾಳೇ ಉತ್ತರ.

೧೯೧೪ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಜರ್ಮನ್ ಪಾದ್ರಿಗಳು ಶತ್ರುದೇಶದವರಾಗಿ ಬಂಧನಕ್ಕೊಳಗಾದರು; ಮಿಶನ್ನಿನ ಆಡಳಿತ ಬೇರೆಯವರ ಕೈಗೆ ಹೋಯಿತು. ಪಾದ್ರಿಗಳು ಹೋದರು, ಕನ್ನಡ, ತುಳು ಮನೆಮಾತಿನ ಉಪಾಧ್ಯಾಯರು ಉಳಿದರು. ಶಾಲೆಯ ಬೇರು ಬಾಸೆಲಿನಲ್ಲಿ ಅಲ್ಲ, ಇಲ್ಲಿನ ಮಣ್ಣಿನಲ್ಲಿಯೇ ಇಳಿದಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಇಂದಿನ ಮಕ್ಕಳು

ಇದು ಹಿಂದಿನ ಕಥೆಯಾಯಿತು. ಕಳೆದ ವರ್ಷ ನಾನು ಕರಾವಳಿಯ ಅಂಥದೊಂದು ಶಾಲೆಯಲ್ಲಿ ಕನ್ನಡ ರಾಜ್ಯೋತ್ಸವದ ದಿನ ನಾಲ್ಕು ಮಾತನಾಡಲು ಹೋಗಿದ್ದೆನು. ಊರಿನ ಹೆಸರು ಬೇಡ. ಅಂಥ ಶಾಲೆ ಒಂದೇ ಅಲ್ಲ. ಹಳೆಯ ಹಂಚಿನ ಮಾಡು, ದೇವಾಲಯದ ಬಲಕ್ಕೆ ಉದ್ದನೆಯ ಕಟ್ಟಡ, ಅಂಗಳದಲ್ಲಿ ಒಂದು ಗೋಳಿಮರ. ಐದು ತರಗತಿಗಳಿಗೆ ಇಬ್ಬರು ಉಪಾಧ್ಯಾಯಿನಿಯರು. ನಿವೃತ್ತರಾದವರ ಸ್ಥಾನ ತುಂಬದೆ ಹಲವು ವರ್ಷಗಳಾಗಿವೆಯೆಂದು ಮುಖ್ಯೋಪಾಧ್ಯಾಯಿನಿಯವರು ಹೇಳಿದರು. ಅದೇ ಆಡಳಿತದವರ ಇಂಗ್ಲಿಷ್ ಮಾಧ್ಯಮದ ಶಾಲೆ ಸ್ವಲ್ಪ ದೂರದಲ್ಲಿದೆ. ಅಲ್ಲಿ ಪ್ರವೇಶಕ್ಕೆ ನೂಕುನುಗ್ಗಲು. ಸಭೆಯವರ ಮಕ್ಕಳೂ ಊರವರ ಮಕ್ಕಳೂ ಓದುವುದು ಅಲ್ಲಿಯೇ.

ಹಾಗಾದರೆ ಈ ಕನ್ನಡ ಶಾಲೆಯಲ್ಲಿ ಯಾರಿದ್ದರು? ಮೂರನೆಯ ತರಗತಿಯ ಹುಡುಗಿಯೊಬ್ಬಳು ಸ್ಲೇಟನ್ನು ಎತ್ತಿ ಹಿಡಿದು, “ಅಕ್ಕೋರ, ನಂದು ಬರದು ಮುಗೀತ್ರಿ” ಎಂದಳು. ತುಳು ಮನೆಮಾತಿನ ಟೀಚರು ನಗುತ್ತ, “ಹೌದಾ ಮಗಾ, ಎಲ್ಲಿ ತೋರಿಸು ನೋಡುವ” ಎಂದರು. ನಾನು ಬೆರಗಾದೆನು. ವಿಚಾರಿಸಿದಾಗ ತಿಳಿಯಿತು: ಮಕ್ಕಳಲ್ಲಿ ಹೆಚ್ಚಿನವರು ಗದಗ, ಕೊಪ್ಪಳ, ಬಾಗಲಕೋಟೆಯ ಕಡೆಯಿಂದ ಕಟ್ಟಡದ ಕೆಲಸಕ್ಕೂ ರಸ್ತೆಯ ಕೆಲಸಕ್ಕೂ ಬಂದ ಕೂಲಿಗಾರರ ಮಕ್ಕಳು. ಮಳೆಗಾಲ ಬಂದರೆ ಕೆಲವರು ಊರಿಗೆ ಹೋಗುತ್ತಾರೆ. ಕೆಲಸ ಮುಗಿದರೆ ಬೇರೆ ಊರಿಗೆ ಹೋಗುತ್ತಾರೆ. ಹಾಜರಿ ಪುಸ್ತಕದಲ್ಲಿ ಹೆಸರು ಬರೆಯುವುದೂ ಹೊಡೆದುಹಾಕುವುದೂ ಟೀಚರಿಗೆ ನಿತ್ಯದ ಕೆಲಸ.

ಚರಿತ್ರೆ ಒಂದು ಸುತ್ತು ಬಂದಂತಾಯಿತು. ಅಂದು ಧಾರವಾಡದ ಶಾಲೆಯ ಹೊಸ್ತಿಲಲ್ಲಿ ನಿಂತಿದ್ದ ಬಾಲಕನ ನಾಡಿನಿಂದಲೇ ಬಂದ ಮಕ್ಕಳು ಇಂದು ಮಂಗಳೂರ ಸೀಮೆಯ ಮಿಶನ್ ಶಾಲೆಯ ಬೆಂಚಿನ ಮೇಲೆ ಕುಳಿತಿದ್ದಾರೆ. ಅಂದು ತುಳುವಿನ ಮಗುವಿಗೆ ಕನ್ನಡದ ಅಕ್ಷರ ಹೊಸದು. ಇಂದು ಬಡಗಣ ಕನ್ನಡದ ಮಗುವಿಗೆ ತೆಂಕಣ ಕನ್ನಡದ ಉಚ್ಚಾರಣೆ ಹೊಸದು. ಕೆಲವರ ಮನೆಮಾತು ಲಂಬಾಣಿಯೂ ಹೌದು. ಟೀಚರು ‘ಅಕ್ಕೋರ’ ಎಂಬ ಸಂಬೋಧನೆಯನ್ನು ತಿದ್ದಲಿಲ್ಲ. ಆ ಮಾತಿಗೆ ಓಗೊಟ್ಟರು. ಗ್ರೈನರನು ಕಲಿತ ಪಾಠವನ್ನೇ ಅವರು ಬೇರೆ ರೀತಿಯಲ್ಲಿ ಕಲಿತಿದ್ದರು. ಶಿಕ್ಷಣಶಾಸ್ತ್ರದ ಎಷ್ಟೋ ಉದ್ಗ್ರಂಥಗಳಲ್ಲಿ ಇಲ್ಲದ ವಿವೇಕ ಅದು.

ಪ್ರಾಥಮಿಕ ಶಾಲೆಯ ಭಾಷಾಮಾಧ್ಯಮದ ಕುರಿತು ನಮ್ಮಲ್ಲಿ ನಡೆದ ಚರ್ಚೆಗೆ ಕೊನೆಯಿಲ್ಲ. ೧೯೯೪ರಲ್ಲಿ ಕರ್ನಾಟಕ ಸರಕಾರ ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಿರಬೇಕೆಂದು ಆಜ್ಞೆ ಹೊರಡಿಸಿತು. ೨೦೧೪ರಲ್ಲಿ ಸುಪ್ರೀಮ್ ಕೋರ್ಟು ಮಾಧ್ಯಮವನ್ನು ಸರಕಾರ ಹೇರಲಾಗದೆಂದು ತೀರ್ಪು ಕೊಟ್ಟಿತು. ನ್ಯಾಯಾಲಯ ಹೇಳಿದುದು ಆಯ್ಕೆಯ ಸ್ವಾತಂತ್ರ್ಯದ ಮಾತು. ಶುಲ್ಕ ಕೊಡಬಲ್ಲವರಿಗೆ ಆಯ್ಕೆಯುಂಟು. ಸಿಮೆಂಟಿನ ಚೀಲದ ನೆರಳಿನಲ್ಲಿ ಮಗುವನ್ನು ಮಲಗಿಸಿ ಜಲ್ಲಿ ಹೊರುವ ತಾಯಿಗೆ ಇರುವ ಆಯ್ಕೆ ಯಾವುದು? ಹತ್ತಿರದಲ್ಲಿರುವ, ಬಾಗಿಲು ತೆರೆದಿರುವ, ಬೈಯದ ಟೀಚರಿರುವ ಒಂದು ಸಣ್ಣ ಶಾಲೆ — ಅಷ್ಟೆ. ಅದೂ ಮುಚ್ಚಿದರೆ ಅವಳ ಮಗು ಮತ್ತೆ ಜಗಲಿಗೇ ಬಂತು. ಕಿಟಕಿಯಿಂದ ಹೊರಬೀಳುವ ಪಾಠವೂ ಈಗ ಇಂಗ್ಲಿಷಿನಲ್ಲಿ.

ಮಕ್ಕಳಿಗೆ ಇಂಗ್ಲಿಷು ಬೇಡವೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿ ತಮ್ಮ ಮಕ್ಕಳನ್ನು ಮಾತ್ರ ಕಾನ್ವೆಂಟಿಗೆ ಕಳುಹಿಸುವವರ ಸಾಲಿಗೆ ಸೇರುವ ಇಚ್ಛೆಯೂ ನನಗಿಲ್ಲ. ನಾನು ಹೇಳುವುದು ಬಾಗಿಲಿನ ಮಾತು. ಮಿಶನ್ ಶಾಲೆಗಳ ಹಿರಿಮೆ ಇದ್ದುದು ಮತಪ್ರಚಾರದಲ್ಲಿ ಅಲ್ಲ, ಇಂಗ್ಲಿಷಿನಲ್ಲಿಯೂ ಅಲ್ಲ. ಬೇರೆ ಯಾರೂ ಒಳಗೆ ಕರೆಯದ ಮಗುವನ್ನು ಒಳಗೆ ಕರೆದು, ಅದರ ಬಾಯಲ್ಲಿರುವ ಮಾತಿಗೆ ಹತ್ತಿರವಾದ ಅಕ್ಷರವನ್ನು ಅದರ ಕೈಗೆ ಕೊಟ್ಟುದರಲ್ಲಿ. ಆ ಹಿರಿಮೆಯ ವಾರಸುದಾರರು ಈಗಿನ ಆಡಳಿತ ಮಂಡಲಿಗಳು. ಅವರ ಇಂಗ್ಲಿಷ್ ಶಾಲೆಗಳ ಆದಾಯದಲ್ಲಿ ಒಂದು ಪಾಲು ಪಕ್ಕದ ಕನ್ನಡ ಶಾಲೆಗೆ ಇನ್ನೊಬ್ಬ ಉಪಾಧ್ಯಾಯಿನಿಯನ್ನು ಕೊಡಲಾರದೆ? ಸರಕಾರವೂ ಹಾಜರಿ ಪುಸ್ತಕದ ತಲೆಗಳನ್ನು ಮಾತ್ರ ಎಣಿಸಿ ‘ಮಕ್ಕಳ ಕೊರತೆ’ ಎಂದು ಬರೆಯುವ ಮೊದಲು, ಆ ತಲೆಗಳು ಯಾರ ಮನೆಯವು ಎಂಬುದನ್ನು ನೋಡಬಾರದೆ? ಹತ್ತು ಮಕ್ಕಳಿಗಾಗಿ ಒಂದು ಶಾಲೆಯೆ ಎಂದು ಕೇಳುವ ಅಧಿಕಾರಿಗೂ, ಒಬ್ಬನಿಗಾಗಿ ಇಡೀ ಶಾಲೆಯೆ ಎಂದು ಕೇಳಿದ ೧೮೫೬ರ ಅಧಿಕಾರಿಗೂ ಲೆಕ್ಕದ ರೀತಿ ಒಂದೇ ಆಗಿದೆ.

ಕಾಲೇಜಿನಲ್ಲಿ ನಾನು ಪಾಠ ಹೇಳುವ ತರಗತಿಗಳಲ್ಲಿ ಇಂಥ ಶಾಲೆಗಳಿಂದ ಬಂದವರು ಈಗಲೂ ಕೆಲವರಿದ್ದಾರೆ. ಅವರಿಗೆ ಇಂಗ್ಲಿಷಿನ ಅಳುಕಿದೆ. ಆದರೆ ಕನ್ನಡದ ಒಂದು ಪದ್ಯವನ್ನು ಎದುರಿಗಿಟ್ಟರೆ ಅದನ್ನು ತಮ್ಮದೆಂದು ತೆಗೆದುಕೊಳ್ಳುವ ಧೈರ್ಯವಿದೆ. ಮೊದಲ ಅಕ್ಷರವನ್ನು ಭಯವಿಲ್ಲದೆ ಕಲಿತವರಿಗೆ ಬರುವ ಧೈರ್ಯ ಅದು. ಪದವಿ ತರಗತಿಯಲ್ಲಿ ಅದನ್ನು ನಾವು ಕಲಿಸಿಕೊಡಲಾರೆವು. ಅದು ದೊರೆಯುವುದು ಆರನೆಯ ವಯಸ್ಸಿನಲ್ಲಿ, ಯಾವುದೋ ಸಣ್ಣ ಶಾಲೆಯ ಬಾಗಿಲನ್ನು ದಾಟುವಾಗ. ಆ ಬಾಗಿಲು ಯಾರ ದೇವಾಲಯದ ಪಕ್ಕದಲ್ಲಿದೆ ಎಂಬುದಕ್ಕಿಂತ ಅದು ತೆರೆದಿದೆಯೆ ಎಂಬುದೇ ಮುಖ್ಯ.